ದಾನಮ್ಮನವರ ಕಿರುಬೆರಳು

ಸ್ಟಿಯರಿಂಗ್ ಹಿಡಿದಾಗ ಎಡಗೈಯ ಕಿರುಬೆರಳು ಎಲ್ಲಿರಬೇಕು ಎಂಬುದು ಮನುಕುಲದ ಮುಂದಿರುವ ಅತ್ಯಂತ ಗಂಭೀರ ಪ್ರಶ್ನೆಗಳಲ್ಲಿ ಒಂದು. ಈ ವಿಷಯದಲ್ಲಿ ಎರಡು ಪಂಥಗಳಿವೆ. ಕಿರುಬೆರಳು ಚಕ್ರವನ್ನು ಅಪ್ಪಿರಬೇಕು ಎನ್ನುವುದು ಒಂದು; ಅದರ ಮೇಲೆ ಸುಮ್ಮನೆ ಒರಗಿರಬೇಕು ಎನ್ನುವುದು ಇನ್ನೊಂದು. ಗದಗದ ಆಚೆ, ಗಾಳಿಯಂತ್ರಗಳು ತಿರುಗುವ ಗುಡ್ಡದ ತಪ್ಪಲಿನಲ್ಲಿರುವ ತುರಗ ಉನ್ನತ ಚಾಲನಾ ವಿದ್ಯಾಲಯ ಮೊದಲನೆಯ ಪಂಥಕ್ಕೆ ಸೇರಿದ್ದು. ಅಲ್ಲಿ ಮೊದಲ ರವಿವಾರದ ಮೊದಲ ತಾಸು ಪೂರ್ತಿ ಇದಕ್ಕೇ ಮೀಸಲಾಗಿತ್ತು. ಹನ್ನೊಂದು ಮಂದಿ ಸ್ಪೋರ್ಟ್ಸ್ ಕಾರಿನ ಮಾಲೀಕರು, ಎಲ್ಲರೂ ಐವತ್ತು ದಾಟಿದವರು, ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತು, ಊಟದ ತಟ್ಟೆಯಷ್ಟಗಲದ ಅಭ್ಯಾಸದ ಚಕ್ರ ಹಿಡಿದು, ಕಿರುಬೆರಳು ಮಡಚುವುದನ್ನು ಕಲಿತರು. ಹತ್ತು ಮಂದಿಗೆ ಬಂತು. ರಾಣೆಬೆನ್ನೂರಿನ ಬೀಜದ ವ್ಯಾಪಾರಿ ದಾನಮ್ಮನವರ ಹೆಸರಿನ ಮುಂದೆ ಮಾತ್ರ ವಿದ್ಯಾಲಯದ ಕಂಪ್ಯೂಟರ್ ಒಂದೇ ಪದ ಬರೆಯಿತು: 'ಮೌನ'.

ಆ ಪದಕ್ಕೆ ಎಷ್ಟು ತೂಕವಿತ್ತೆಂದು ತಿಳಿಯಬೇಕಾದರೆ ಆಗಿನ ರಸ್ತೆಗಳ ಸ್ಥಿತಿ ಗೊತ್ತಿರಬೇಕು. ವಾಹನಗಳು ತಮ್ಮಷ್ಟಕ್ಕೆ ತಾವೇ ಓಡಲು ಶುರುಮಾಡಿ ಎಂಟು ವರ್ಷವಾಗಿತ್ತು. ಜನ ಮೊದಲು ಹೆದರಿದರು, ಆಮೇಲೆ ಗೊಣಗಿದರು, ಕೊನೆಗೆ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ನಿದ್ದೆ ಹೋದರು. ಬಸ್ಸು, ಲಾರಿ, ಸಂತೆಗೆ ಹೋಗುವ ಟೆಂಪೊ ಎಲ್ಲಕ್ಕೂ ತಂತಮ್ಮ ದಾರಿ ಗೊತ್ತಿತ್ತು. ಅಪಘಾತದ ಸುದ್ದಿ ಪತ್ರಿಕೆಗಳಿಂದ ಹೆಚ್ಚುಕಡಿಮೆ ಮಾಯವಾಯಿತು. ಉಳಿದವರೆಂದರೆ ಕೈಯಿಂದಲೇ ಓಡಿಸುತ್ತೇವೆಂದು ಹಟ ಹಿಡಿದ ಒಂದಿಷ್ಟು ಜನ. ಅವರಿಗಾಗಿ ಕೈಚಾಲನೆಯ ಕಾಯ್ದೆ ಬಂತು. ಮಾನ್ಯತೆ ಪಡೆದ ವಿದ್ಯಾಲಯದಲ್ಲಿ ನಾಲ್ಕು ರವಿವಾರ ಕಲಿತು, ಕೊನೆಯ ದಿನದ ಪರೀಕ್ಷೆ ಪಾಸಾದರೆ ಪ್ರಮಾಣಪತ್ರ. ಇಲ್ಲವಾದರೆ ಮಾರ್ಚ್ ಮೂವತ್ತೊಂದರಂದು ಅಧಿಕಾರಿಗಳು ಮನೆಗೇ ಬಂದು, ಚಹಾ ಕುಡಿದು, ಸ್ಟಿಯರಿಂಗಿಗೆ ಸೀಲು ಹಾಕಿ ಹೋಗುತ್ತಾರೆ.

ದಾನಮ್ಮನವರ ಕಾರು ಹಳದಿ ಬಣ್ಣದ್ದು, ಎರಡೇ ಸೀಟಿನದು, ಹತ್ತೊಂಬತ್ತು ವರ್ಷ ಹಳೆಯದು. ಅವರ ಹೈಬ್ರಿಡ್ ಮೆಣಸಿನಕಾಯಿ ಬೀಜ ನಾಲ್ಕು ಜಿಲ್ಲೆಗಳಲ್ಲಿ ಹೆಸರು ಮಾಡಿದ ವರ್ಷ ಕೊಂಡದ್ದು. ಉಳಿದವರು ಎಲ್ಲಿ ಕೂರಬೇಕೆಂದು ಆಗ ಬೀಗರು ಕೇಳಿದ್ದರು. ಉಳಿದವರು ಮನೆಯಲ್ಲಿ ಕೂರಲಿ ಎಂಬುದೇ ಆ ಕಾರಿನ ವಿಶೇಷವೆಂದು ದಾನಮ್ಮ ಅವರಿಗೆ ವಿವರಿಸಲು ಹೋಗಿರಲಿಲ್ಲ. ಬೆಳಿಗ್ಗೆ ಆರಕ್ಕೆ ಒಬ್ಬರೇ ತುಂಗಭದ್ರೆಯ ಸೇತುವೆಯವರೆಗೆ ಹೋಗಿ ಬಂದರೇ ಅವರಿಗೆ ದಿನ ಶುರು. ಚಕ್ರವನ್ನು ಪೂರ್ತಿ ಎಡಕ್ಕೆ ತಿರುಗಿಸಿದಾಗ ಬುಡದಿಂದ 'ಕಟಕ್' ಎಂಬ ಸದ್ದು ಬರುತ್ತಿತ್ತು. ಮೂರು ಊರಿನ ಮೆಕ್ಯಾನಿಕ್‌ಗಳು ಅದರ ಮುಂದೆ ಸೋತಿದ್ದರು. ಅರವತ್ತೊಂದರ ದಾನಮ್ಮನವರಿಗೆ ಈಗ ಅದು ತಮ್ಮ ಮೊಣಕಾಲಿನ ಸದ್ದಿನ ಹಾಗೇ ಒಗ್ಗಿಹೋಗಿತ್ತು. ಆ ಚಕ್ರಕ್ಕೆ ಸೀಲು ಬೀಳುವುದನ್ನು ಅವರಿಂದ ನೆನೆಯಲೂ ಆಗುತ್ತಿರಲಿಲ್ಲ.

ಕೋರ್ಸು ಮುಗಿಯುವವರೆಗೆ ಕಾರು ವಿದ್ಯಾಲಯದಲ್ಲೇ ಇರಬೇಕೆಂಬುದು ನಿಯಮ. ಮೊದಲ ದಿನವೇ ಎಲ್ಲರ ಸ್ಟಿಯರಿಂಗ್ ಬಿಚ್ಚಿ ವಿದ್ಯಾಲಯದ ದಪ್ಪನೆಯ ಕಪ್ಪು ಚಕ್ರ ಕೂರಿಸಿದರು. ಅದರ ಮೈತುಂಬ ಒಂದು ತೆಳ್ಳನೆಯ ಪೊರೆ. ಹೆಸರು ಹಸ್ತವಾಚಕ. ಕಂಟ್ರೋಲ್ ರೂಮಿನ ಮುಖ್ಯಸ್ಥೆ ವೈಜಯಂತಿ ಎಂಬ ನಡುವಯಸ್ಸಿನ ಎಂಜಿನಿಯರು ಅದನ್ನು ಎಲ್ಲರಿಗೂ ವಿವರಿಸಿದರು. ಎಡಕ್ಕೆ ತಿರುಗಬೇಕೆಂದು ಮನಸ್ಸು ಮಾಡಿದ ಕ್ಷಣ ಮುಂಗೈಯ ಸ್ನಾಯುಗಳಿಗೆ ಅಪ್ಪಣೆ ಹೋಗುತ್ತದೆ. ಕೈ ಅಲ್ಲಾಡುವುದು ಅದಾದ ಮೇಲೆ, ಸೆಕೆಂಡಿನ ಮೂರನೇ ಒಂದು ಭಾಗ ತಡವಾಗಿ. ಆ ಸಣ್ಣ ಬಿಡುವಿನಲ್ಲಿ ಅಂಗೈಯಲ್ಲಿ ಏಳುವ ನಡುಕವನ್ನು ಪೊರೆ ಓದುತ್ತದೆ. ಓದಿ ಗೆರೆ ಬಿಡಿಸುತ್ತದೆ. ಗೆರೆ ನೋಡಿ ತಪ್ಪು ತಿದ್ದಿಕೊಳ್ಳಬಹುದು. ಚಕ್ರ ಓದುವುದಷ್ಟೇ, ಬೇರೇನೂ ಮಾಡುವುದಿಲ್ಲ ಎಂದರು ವೈಜಯಂತಿ. ಸ್ವಲ್ಪ ಹೊತ್ತಿನ ಮೇಲೆ, ಯಾರೂ ಕೇಳದಿದ್ದರೂ, ಅದನ್ನೇ ಇನ್ನೊಮ್ಮೆ ಹೇಳಿದರು. ಎರಡನೆಯ ಸಲ ಹೇಳಿದ್ದನ್ನು ದಾನಮ್ಮ ಗಮನಿಸಿದರು.

ಆಮೇಲೆ ಇಪ್ಪತ್ತೆರಡು ಪುಟದ ಒಪ್ಪಂದ ಬಂತು. ಬೇರೆಯವರ ಬೀಜದ ಚೀಟಿಗಳ ಸಣ್ಣ ಅಕ್ಷರ ಓದಿಯೇ ಬದುಕು ಕಟ್ಟಿಕೊಂಡ ಹೆಂಗಸು ಅದನ್ನು ಓದದೆ ಸಹಿ ಮಾಡಿದರು. ಕಾರಣ ಇಷ್ಟೇ: ಕಿಟಕಿಯಾಚೆ ನುಣ್ಣನೆಯ ಕಪ್ಪು ಟ್ರ್ಯಾಕಿತ್ತು, ಅದರ ಮೇಲೆ ಹಳದಿ ಕಾರು ನಿಂತಿತ್ತು.

ಹತ್ತಿ ಕೂತು ಪೂರ್ತಿ ಎಡಕ್ಕೆ ತಿರುಗಿಸಿದರು. ಕಟಕ್ ಎನ್ನಲಿಲ್ಲ.

ಅಂದು ಅವರ ಸುತ್ತು ಮದುವೆಯ ಮೆರವಣಿಗೆಯಂತೆ ಸಾಗಿತು. ಎಷ್ಟು ಒತ್ತಿದರೂ ಕಾರು ಏರಲಿಲ್ಲ. ಉಳಿದ ಹತ್ತು ಕಾರುಗಳು ಅವರನ್ನು ಎರಡೆರಡು ಸಲ ದಾಟಿ ಹೋದವು.

ಮಂಗಳವಾರ ಸಂಜೆ ದಾನಮ್ಮ ಗಂಡನಿಗೆ ಇದನ್ನೆಲ್ಲ ಹೇಳಿದರು. ಗಂಡ ಶಿವಪುತ್ರಪ್ಪನವರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು. ಓಡಿಸುವವರಿಲ್ಲದ ಬಸ್ಸು ಬಂದಾಗ ಊರಿನಲ್ಲಿ ಮೊದಲು ಹತ್ತಿದವರು ಅವರೇ. ಹೆಂಡತಿಯ ಹಳದಿ ಕಾರಿನಲ್ಲಿ ಕೂರುವ ಮುನ್ನ ಮಾತ್ರ ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ಈಗ ಮೊರದ ತುಂಬ ಶೇಂಗಾ ಇಟ್ಟುಕೊಂಡು ಸುಲಿಯುತ್ತ, ಸದ್ದು ನಿಂತದ್ದು ಒಳ್ಳೆಯದೇ ಆಯಿತಲ್ಲ, ಯಾರೋ ರಿಪೇರಿ ಮಾಡಿದರೆಂದು ತಿಳಿದುಕೋ ಎಂದರು.

"ಸದ್ದು ಹೋಗ್ಲಿ ಬಿಡ್ರಿ. ಆ ಸಾಲ್ಯಾಗ ಕೇಸರಿ ಬಣ್ಣದ ಕೋನು ಅದಾವಲ್ಲ, ಎರಡು ನೂರರ ಮ್ಯಾಲ ಅದಾವು. ಎರಡು ವರ್ಷದಿಂದ ಮಂದಿ ಅದರ ನಡುವ ಗಾಡಿ ಹೊಡೀತಾರ. ನಾ ಎಲ್ಲಾ ನೋಡ್ಕೊಂತ ಹೋದೆ. ಒಂದಕ್ಕೂ ಗೀರು ಬಿದ್ದಿಲ್ಲ."

"ಛಲೋ ಕಲಸ್ತಾರ ಅಂದಂಗಾತು."

"ನೂರು ಕಾಳು ಹಾಕಿ ನೂರೂ ಮೊಳಕಿ ಬಂದ್ರ ನಾ ಏನಂತೀನಿ?"

ಶಿವಪುತ್ರಪ್ಪ ಒಂದು ಶೇಂಗಾ ಬಾಯಿಗೆ ಹಾಕಿಕೊಂಡು ಯೋಚಿಸಿದರು. ಬೀಜದ ಮೊಳಕೆ ಪರೀಕ್ಷೆ ಆ ಮನೆಯ ನಿತ್ಯದ ಮಾತು. ಒದ್ದೆ ಮರಳಿನ ಟ್ರೇಯಲ್ಲಿ ನೂರು ಕಾಳು ಊರಿದರೆ ಎಂಬತ್ತೈದು ಬಂದರೆ ಸರಿ, ತೊಂಬತ್ತೆರಡು ಬಂದರೆ ಬೆನ್ನು ತಟ್ಟಬೇಕು. ನೂರಕ್ಕೆ ನೂರು ಬಂದ ದಿನ ದಾನಮ್ಮ ಟ್ರೇ ನೋಡುತ್ತಿರಲಿಲ್ಲ, ಟ್ರೇ ತಂದವನ ಮುಖ ನೋಡುತ್ತಿದ್ದರು.

"ಟ್ರೇ ಬದಲಿ ಮಾಡ್ಯಾರ ಅಂತಿ," ಎಂದರು ಶಿವಪುತ್ರಪ್ಪ.

ಎರಡನೆಯ ರವಿವಾರ ಒಂದು ವಿಶೇಷ ನಡೆಯಿತು. ಸಹಪಾಠಿಗಳಲ್ಲಿ ಧಾರವಾಡದ ಹಲ್ಲಿನ ವೈದ್ಯರು ಪ್ರಹ್ಲಾದ ಕಟ್ಟಿ ಎಂಬವರಿದ್ದರು. ಹಸಿರು ಕಾರು, ಮೃದು ಮಾತು. ಅಂದು ಅವರು ಇಡೀ ತಂಡದ ಅತಿ ವೇಗದ ಸುತ್ತು ಹೊಡೆದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಖ್ಯ ತರಬೇತುದಾರ ಚೆಂಗಪ್ಪನವರು, ಒಂದು ಕಾಲದಲ್ಲಿ ರ‍್ಯಾಲಿಗಳಲ್ಲಿ ಹೆಸರು ಮಾಡಿದ ಕೊಡಗಿನವರು, ಬಂದು ಕೈಕುಲುಕಿದರು. ಆದರೆ ಕುಲುಕುವಾಗ ಅವರ ಕಣ್ಣು ಗುಡ್ಡದ ಗಾಳಿಯಂತ್ರಗಳ ಮೇಲಿತ್ತು. ಉಪ್ಪಿಟ್ಟಿನ ಸಾಲಿನಲ್ಲಿ ನಿಂತಾಗ ಕಟ್ಟಿಯವರು ದಾನಮ್ಮನವರ ಕಿವಿಯ ಹತ್ತಿರ ಬಂದರು.

"ಅಕ್ಕಾರ, ಯಾರಿಗೂ ಹೇಳಬ್ಯಾಡ್ರಿ. ಮೂರನೇ ತಿರುವಿನ್ಯಾಗ ನನಗ ಸೀನು ಹತ್ತಿದ್ವು. ಒಂದಲ್ಲ, ಆರು. ಕಣ್ಣು ತೆರೀಲಿಕ್ಕೇ ಆಗ್ಲಿಲ್ಲ. ತೆರದು ನೋಡ್ತೀನಿ, ತಿರುವು ಹಿಂದ ಉಳದದ."

"ಮತ್ತ ಗಾಡಿ ಯಾರು ಹೊಡದ್ರು?"

"ನಾನೇ ಅಲ್ಲೇನ್ರೀ. ಕೈಗೆ ಬಂದುಬಿಟ್ಟದ. ಇಪ್ಪತ್ತು ವರ್ಷ ಹಲ್ಲು ಕಿತ್ತ ಕೈ ಇದು, ಅದಕ್ಕ ಕಣ್ಣು ಬೇಕಾಗೂದಿಲ್ಲ."

ಕಣ್ಣು ಮುಚ್ಚಿ ತಮ್ಮ ಹಲ್ಲು ಕೀಳುವ ವೈದ್ಯರನ್ನು ದಾನಮ್ಮ ಒಂದು ಗಳಿಗೆ ಕಲ್ಪಿಸಿಕೊಂಡರು.

ಊಟವಾದ ಮೇಲೆ ಅವರಿಗೆ ಕಂಟ್ರೋಲ್ ರೂಮಿನಿಂದ ಕರೆ ಬಂತು. ತಣ್ಣನೆಯ ಕೋಣೆ, ಗೋಡೆ ತುಂಬ ಪರದೆಗಳು. ಹನ್ನೊಂದು ಗೆರೆಗಳಲ್ಲಿ ಹತ್ತು ಗೆರೆ ತಿರುವು ಬಂದಲ್ಲೆಲ್ಲ ಏರಿ ಇಳಿಯುತ್ತಿದ್ದವು. ಹನ್ನೊಂದನೆಯದು ಹಾಸಿದ ದಾರದಂತೆ ಬಿದ್ದುಕೊಂಡಿತ್ತು. ಅದು ತಮ್ಮದೆಂದು ಯಾರೂ ಹೇಳುವ ಮೊದಲೇ ದಾನಮ್ಮನವರಿಗೆ ತಿಳಿಯಿತು. ಚಕ್ರ ಕೆಟ್ಟಿರಬಹುದೆಂದು ಮೂರು ಸಲ ಬದಲಿಸಿದ್ದೇವೆ ಎಂದರು ವೈಜಯಂತಿ. ಕೆಟ್ಟದ್ದು ಚಕ್ರವಲ್ಲ.

ಅನುಮಾನ ಈಗ ಎದುರು ದಿಕ್ಕಿನಿಂದ ಬಂತು. ಸಹಾಯಕಿಯೊಬ್ಬಳು ದಾನಮ್ಮನವರ ಎರಡೂ ಕೈಗಳನ್ನು ಸೋಪು ಹಚ್ಚಿ ತೊಳೆಸಿದಳು, ಸ್ಪಿರಿಟ್ ಹಚ್ಚಿ ಒರೆಸಿದಳು, ದೀಪದ ಕೆಳಗೆ ತಿರುಗಿಸಿ ನೋಡಿದಳು. ಬಳೆ ತೆಗೆಸಿದರು. ಏನಾದರೂ ಮುಲಾಮು ಹಚ್ಚಿದ್ದೀರಾ, ಸಕ್ಕರೆ ಕಾಯಿಲೆ ಇದೆಯೇ, ಕೈ ಜೋಮು ಹಿಡಿಯುತ್ತದೆಯೇ ಎಂದು ವಿಚಾರಿಸಿದರು. ಕೊನೆಗೆ ವೈಜಯಂತಿ ಕುರ್ಚಿ ಹತ್ತಿರ ಎಳೆದುಕೊಂಡರು.

"ಮೇಡಂ, ನೀವು ಯಾವುದಾದ್ರೂ ಇಲಾಖೆಯಿಂದ ಬಂದಿದೀರಾ?"

"ಬೀಜದ ಅಂಗಡಿಯಿಂದ ಬಂದೀನವ್ವ."

ವೈಜಯಂತಿ ನಂಬಿದಂತೆ ಕಾಣಲಿಲ್ಲ. ನಾಲ್ಕನೆಯ ರವಿವಾರದೊಳಗೆ ಅಂಗೈ ಮಾತಾಡದಿದ್ದರೆ ಪ್ರಮಾಣಪತ್ರ ಕೊಡಲು ಬರುವುದಿಲ್ಲ ಎಂದರು. ಕೈ ಮಾತಾಡದಿದ್ದರೇನು, ಚಕ್ರ ತಿರುಗಿಸಿದರೆ ಸಾಲದೇ ಎಂದು ದಾನಮ್ಮ ಕೇಳಿದ್ದಕ್ಕೆ, ಅದು ಅಳತೆಯ ವಿಷಯ ಎಂಬ ಉತ್ತರ ಬಂತು. ಅದೇ ಉತ್ತರ ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ ಬಂತು. ಹೊರಡುವಾಗ ದಾನಮ್ಮ ತಮ್ಮ ಕಾರಿನ ಕಟಕ್ ಎಲ್ಲಿ ಹೋಯಿತೆಂದು ಕೇಳಿದರು. ವೈಜಯಂತಿ ಅದನ್ನು ಕಾಗದದ ಮೇಲೆ ಬರೆದುಕೊಂಡರು.

ಆ ವಾರ ಶಿವಪುತ್ರಪ್ಪನವರಿಗೆ ಹುರುಪು ಬಂತು. ಹೆಂಡತಿಯ ಕೈಯಲ್ಲಿ ವಿಜ್ಞಾನಕ್ಕೆ ಸಿಗದ ಏನೋ ಇದೆ ಎಂಬುದು ನಲವತ್ತು ವರ್ಷದ ಸಂಸಾರದಲ್ಲಿ ಅವರಿಗೆ ಗೊತ್ತಾಗಿರಲಿಲ್ಲ. ಬುಧವಾರ ಊಟದ ನಂತರ ಕೇಳಿದರು, ಇದು ಯಾವಾಗಿನಿಂದ ಹೀಗೆ ಎಂದು. ದಾನಮ್ಮ ಕೈ ಒರೆಸುತ್ತಿದ್ದ ಟವೆಲನ್ನು ನೋಡಿದರು. ಆಗ ನೆನಪಾಯಿತು.

ಅವರ ಅಪ್ಪ ಹಾವೇರಿಯ ದನದ ಪೇಟೆಯಲ್ಲಿ ದಲಾಲಿ. ಅಲ್ಲಿ ಎತ್ತಿನ ಬೆಲೆಯನ್ನು ಬಾಯಿಂದ ಹೇಳುವ ಪದ್ಧತಿ ಇರಲಿಲ್ಲ. ಕೊಳ್ಳುವವನೂ ದಲಾಲಿಯೂ ಟವೆಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ, ಬೆರಳು ಬಿಟ್ಟು ಚೌಕಾಸಿ ಮಾಡುತ್ತಿದ್ದರು. ಸುತ್ತ ನಿಂತವರಿಗೆ ಮುಖ ಕಾಣುತ್ತಿತ್ತು, ಬೆಲೆ ಕಾಣುತ್ತಿರಲಿಲ್ಲ. ಆದರೆ ಪಳಗಿದ ಕೈಗೆ ಎದುರಿನ ಕೈ ಹೇಳಿದ್ದಷ್ಟೇ ಅಲ್ಲ, ಹೇಳಲಿರುವುದೂ ಕೇಳುತ್ತಿತ್ತು. ಮೂರು ಬೆರಳು ಒತ್ತುವವನ ನಾಲ್ಕನೆಯ ಬೆರಳು ಸ್ವಲ್ಪ ಮಿಸುಕಿದರೆ ಇವನು ಇನ್ನೂ ಏರುತ್ತಾನೆಂದು ಅರ್ಥ. ಒಂಬತ್ತು ವರ್ಷದ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಪ್ಪ ಆಟವಾಡಿಸುತ್ತಿದ್ದ. ಟವೆಲಿನ ಕೆಳಗೆ ಮಣಿಕಟ್ಟು ಹಿಡಿದು, ಒಂದು ಸಂಖ್ಯೆ ನೆನೆ ಎನ್ನುತ್ತಿದ್ದ. ಅವಳು ಬೆರಳು ಒತ್ತುವ ಮೊದಲೇ ಹೇಳಿಬಿಡುತ್ತಿದ್ದ. ಮೊದಲು ಕಿರುಬೆರಳು ಮಲಗಿಸು, ಚಾಡಿ ಹೇಳುವುದು ಅದೇ ಎಂದು ಕಲಿಸಿದ್ದ. ಎರಡು ವರ್ಷ ಬೇಕಾಯಿತು. ಹನ್ನೊಂದನೆಯ ವಯಸ್ಸಿಗೆ ಅವಳ ಕೈ ಅಪ್ಪನಿಗೂ ಸಿಗದಾಯಿತು. ಅಲ್ಲಿಗೆ ನಿಲ್ಲಲಿಲ್ಲ, ಮೂರು ಒತ್ತುವವಳಂತೆ ಕೈಯೆಲ್ಲ ಸಜ್ಜು ಮಾಡಿ ಐದು ಒತ್ತುವುದನ್ನೂ ಕಲಿತಳು. ಅಪ್ಪ ಎರಡು ದಿನ ಮಾತಾಡಿಸಿರಲಿಲ್ಲ. ಅದು ಸಿಟ್ಟೋ ಹೆಮ್ಮೆಯೋ ಇನ್ನೂ ತಿಳಿದಿಲ್ಲ.

ಶಿವಪುತ್ರಪ್ಪ ಟವೆಲು ಹಾಸಿ ಪರೀಕ್ಷಿಸಿದರು. ಹನ್ನೆರಡು ಸಲ ಊಹಿಸಿ ಹನ್ನೆರಡೂ ಸಲ ಸೋತರು. ಕೊನೆಯ ನಾಲ್ಕು ಸಲವಂತೂ ಆಣೆ ಮಾಡಿ ಹೇಳಿ ಸೋತರು. ಆಮೇಲೆ ಟವೆಲು ಮಡಚುತ್ತ ಮೇಷ್ಟ್ರ ದನಿಯಲ್ಲಿ ಹೇಳಿದರು.

"ಆ ಚಕ್ರದ ಕೆಳಗ ಗಾಲಿ ತಿರುವೂ ರಾಡು ಐತೋ ಇಲ್ಲೋ ಅನ್ನೂದಷ್ಟ ನಮ್ಮ ಪ್ರಶ್ನೆ. ರಾಡು ಇದ್ರ ಗಾಡಿ ಚಕ್ರ ತಿರುವಿದ ಕಡೆ ಹೋಗ್ತೈತಿ. ಇಲ್ಲಂದ್ರ ಕೈ ನೆನದ ಕಡೆ ಹೋಗ್ತೈತಿ. ಎರಡನ್ನೂ ಬ್ಯಾರೆ ಬ್ಯಾರೆ ಮಾಡೂದು ಯಾರಿಗೂ ಸಾಧ್ಯ ಇಲ್ಲ ಅಂತ ಅವರು ತಿಳದಾರ."

"ಯಾರಿಗೂ ಅಂದ್ರ?"

"ದನದ ಪ್ಯಾಟಿ ನೋಡಲಾರದವರಿಗೆ."

ಮೂರನೆಯ ರವಿವಾರ ದಾನಮ್ಮ ಮೊದಲ ಎರಡು ಸುತ್ತು ಸುಮ್ಮನೆ ಹೊಡೆದರು. ಮೂರನೆಯ ಸುತ್ತಿನ ಕೊನೆಗೆ ಎರಡೂ ಕಡೆ ಬಯಲಿರುವ ಅಗಲವಾದ ಜಾಗ ಬಂತು. ಕಾರು ಎಂದಿನಂತೆ ಮೆಲ್ಲಗೆ ತೆವಳುತ್ತಿತ್ತು. ಅವರು ಹನ್ನೊಂದರ ಹುಡುಗಿಯಾದರು. ಅಂಗೈ, ಮುಂಗೈ, ಹತ್ತೂ ಬೆರಳು ಬಲಕ್ಕೆ ತಿರುಗಿಸಲಿರುವಂತೆ ಸಜ್ಜಾದವು. ಕಿರುಬೆರಳಿಗೂ ಚಾಡಿ ಹೇಳಲು ಅಪ್ಪಣೆಯಾಯಿತು. ಮಣಿಕಟ್ಟು ಹಾಗೇ ಬಿಟ್ಟು, ಭುಜದಿಂದ ಎಳೆದು, ಚಕ್ರವನ್ನು ಎಡಕ್ಕೆ ತಿರುಗಿಸಿದರು.

ಕಾರು ಖುಷಿಯಿಂದ ಬಲಕ್ಕೆ ಹೊರಳಿತು. ಮೂರು ವಾರದಲ್ಲಿ ಮೊದಲ ಸಲ ಚುರುಕಾಗಿ ಓಡಿತು ಕೂಡ.

ದಾನಮ್ಮ ಇನ್ನೂ ಎರಡು ಸಲ ನೋಡಿದರು. ಎರಡು ಸಲವೂ ಕಾರು ಅವರ ಸುಳ್ಳನ್ನೇ ನಂಬಿತು. ಕೈಯ ಆಸೆಯನ್ನು ಓದಿ, ಅದಕ್ಕೆ ತಕ್ಕ ದಾರಿಯನ್ನು ತಾನೇ ಹುಡುಕಿ, ತಿರುಗುತ್ತಿದ್ದುದು ಕಾರೇ. ಚಕ್ರ ಬರೀ ಆಟಿಕೆ. ಕಟ್ಟಿಯವರ ಆರು ಸೀನುಗಳ ನಡುವೆ ತಿರುವು ದಾಟಿದ್ದು ಹೇಗೆಂದು ಈಗ ಅರ್ಥವಾಯಿತು. ತಾವು ಮೂರು ವಾರ ತೆವಳಿದ್ದೂ ಅರ್ಥವಾಯಿತು: ಆಸೆಯೇ ಕೇಳಿಸದ ಕೈಯನ್ನು ಕಾರು ರೋಗಿಯಂತೆ ಜೋಪಾನವಾಗಿ ಹೊತ್ತು ತಿರುಗಿತ್ತು.

ಕಾರು ನಿಲ್ಲಿಸಿ ಇಳಿದಾಗ ಚೆಂಗಪ್ಪನವರು ಅಲ್ಲೇ ನಿಂತಿದ್ದರು. ಅವರು ಪರದೆ ನೋಡಿರಲಿಲ್ಲ, ಟ್ರ್ಯಾಕಿನ ಅಂಚಿನಿಂದ ದಾನಮ್ಮನವರ ಭುಜವನ್ನೂ ಕಾರಿನ ಗಾಲಿಯನ್ನೂ ನೋಡಿದ್ದರು.

"ನೀವು ಎಡಕ್ಕೆ ತಿರುಗಿಸಿದ್ರಿ," ಎಂದರು.

"ಹೌದ್ರಿ."

ಚೆಂಗಪ್ಪ ಟೋಪಿ ತೆಗೆದು ತಲೆ ಸವರಿಕೊಂಡರು. ಆಮೇಲೆ ಹೇಳುತ್ತ ಹೋದರು, ಬಹಳ ದಿನದಿಂದ ಯಾರಾದರೂ ಕೇಳಲೆಂದು ಕಾದಿದ್ದವರಂತೆ. ಮೊದಲ ದಿನವೇ ರಾಡು ಕತ್ತರಿಸುತ್ತಾರೆ; ಒಪ್ಪಂದದ ಹದಿನಾಲ್ಕನೆಯ ಪುಟದಲ್ಲಿ ಅದು 'ಮಾಪನಕ್ಕೆ ಅಗತ್ಯವಾದ ಮಾರ್ಪಾಡು' ಎಂದಿದೆ. ಪ್ರಮಾಣಪತ್ರ ಕೊಟ್ಟ ಮೇಲೂ ಇದೇ ಚಕ್ರ ಉಳಿಯುತ್ತದೆ. ಜನರಿಗೆ ಓಡಿಸಿದ ಸುಖ ಸಿಗುತ್ತದೆ, ರಸ್ತೆಯಲ್ಲಿ ಯಾರೂ ಸಾಯುವುದಿಲ್ಲ, ಕಾಯ್ದೆ ಮಾಡಿದವರಿಗೂ ನೆಮ್ಮದಿ. ಎರಡು ವರ್ಷದಲ್ಲಿ ಸಾವಿರದ ಮೇಲೆ ಜನ ಕಲಿತು ಹೋಗಿದ್ದಾರೆ. ಮೊದಮೊದಲು ತಮಗೆ ನಾಚಿಕೆಯಾಗುತ್ತಿತ್ತು. ಆಮೇಲೆ ಒಬ್ಬ ತಾಯಿ ಮಕ್ಕಳನ್ನು ಕೂರಿಸಿಕೊಂಡು ಹೋಗುವುದನ್ನು ನೋಡಿ, ಇದರಲ್ಲಿ ತಪ್ಪೇನು ಎನಿಸಿತು. ಈಗ ಏನೆನಿಸುತ್ತದೆಂದು ದಾನಮ್ಮ ಕೇಳಿದರು. ಅವರು ಟೋಪಿ ಹಾಕಿಕೊಂಡರು.

ದಾನಮ್ಮ ನೇರ ಕಂಟ್ರೋಲ್ ರೂಮಿಗೆ ಹೋದರು. ಜಗಳ ತೆಗೆಯಲಿಲ್ಲ. ನನ್ನ ಕೈ ಮಾತಾಡುವುದಿಲ್ಲ, ಮುಂದಿನ ವಾರವೂ ಮಾತಾಡುವುದಿಲ್ಲ, ಆದ್ದರಿಂದ ನನ್ನನ್ನು ಫೇಲ್ ಮಾಡಿ ಎಂದರು. ವೈಜಯಂತಿ ಹಗುರವಾಗಿ ತಲೆಯಾಡಿಸಿದರು.

"ಯಾಕ ಫೇಲ್ ಮಾಡಿದ್ರಿ ಅಂತ ಬರದು ಕೊಡ್ರಿ. ಚಕ್ರ ಸರಿಯಾಗಿ ತಿರುವಿದ್ರೂ ಪ್ರಮಾಣಪತ್ರ ಯಾಕ ಕೊಡಲಿಲ್ಲ ಅಂತ. ಸಹಿ, ಶಿಕ್ಕಾ ಎಲ್ಲಾ ಇರ್ಲಿ."

ವೈಜಯಂತಿಯವರ ಕೈ ಮೇಜಿನ ಮೇಲಿತ್ತು. ಅದರ ಕಿರುಬೆರಳು ಮಿಸುಕಿತು. ದಾನಮ್ಮ ಅದನ್ನು ನೋಡಿ ಕುರ್ಚಿ ಎಳೆದುಕೊಂಡು ಕೂತರು.

ಮುಂದಿನ ಮಾತುಕತೆಗೆ ಅರ್ಧ ತಾಸು ಹಿಡಿಯಿತು; ಕತ್ತರಿಸಿದ ರಾಡೂ ಎಡ ಬಲದ ಸುಳ್ಳೂ ಅದರಲ್ಲಿ ಬಯಲಿಗೆ ಬಂದವು. ಅಂಗೈ ಓದಲಾಗದ್ದಕ್ಕೆ ಫೇಲ್ ಎಂದು ಬರೆದರೆ, ಓದುವುದಷ್ಟೇ ಕೆಲಸವಾದ ಚಕ್ರಕ್ಕೆ ಓದಲಾಗದಿದ್ದರೇನು ನಷ್ಟ ಎಂಬ ಪ್ರಶ್ನೆ ಏಳುತ್ತದೆ. ಬರೆಯದೆ ಪಾಸು ಮಾಡಿದರೆ, ಬಲಕ್ಕೆಂದು ನಂಬಿಸಿ ಚಕ್ರವನ್ನು ಎಡಕ್ಕೆ ತಿರುಗಿಸಬಲ್ಲ ಕೈಯೊಂದನ್ನು, ಸುಳ್ಳನ್ನೇ ಕಲಿಯದ ಯಂತ್ರದ ಮುಂದೆ ಕೂರಿಸಿ ರಸ್ತೆಗೆ ಬಿಟ್ಟ ಹಾಗಾಗುತ್ತದೆ. ಆ ಚಕ್ರ ಯಾರಿಗೆ ಅಪಾಯವೋ ಅವರೊಬ್ಬರಿಗೆ ಚಕ್ರ ಬೇಡ, ನನ್ನ ರಾಡು ನನಗೆ ಕೊಡಿ ಎಂಬುದು ದಾನಮ್ಮನವರ ವಾದ. ವೈಜಯಂತಿ ಪರದೆಯಿಂದ ಕಣ್ಣು ತೆಗೆದರು.

"ನಾಳೆ ನಿಮ್ಮ ಕೈಯಿಂದ ಯಾರಿಗಾದ್ರೂ ಏನಾದ್ರೂ ಆದ್ರೆ, ಮೇಡಂ? ಈ ಹತ್ತು ಜನರಿಂದ ಆಗಲ್ಲ. ನಿಮ್ಮಿಂದ ಆಗಬಹುದು."

ಹತ್ತೊಂಬತ್ತು ವರ್ಷದಾಗ ಒಂದು ನಾಯಿಗೂ ತಾಗಿಸಿಲ್ಲ ಎಂದರು ದಾನಮ್ಮ. ಹೇಳಿದ ಮೇಲೆ ಅದು ತಮಗೇ ಸ್ವಲ್ಪ ಸಣ್ಣ ಉತ್ತರವೆನಿಸಿತು.

ವಾರದ ನಡುವೆ ರಾಡು ಕೂರಿಸುವುದೆಂದೂ, ಹೊರಗೆ ಯಾರಿಗೂ ಹೇಳಬಾರದೆಂದೂ ತೀರ್ಮಾನವಾಯಿತು. ಎರಡನೆಯ ಮಾತಿಗೆ ದಾನಮ್ಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಹೊರಗೆ ಕಟ್ಟಿಯವರು ಸಿಕ್ಕಾಗ, ನಿಮ್ಮ ಸೀನಿನ ವಿಷಯ ಸ್ವಲ್ಪ ಮಾತಾಡಬೇಕು ಎಂದು ಶುರುಮಾಡಿದರು. ಕಟ್ಟಿಯವರು ಎರಡೂ ಕೈ ಜೋಡಿಸಿದರು.

"ಬ್ಯಾಡ್ರಿ ಅಕ್ಕಾರ. ನಿಮ್ಮ ಮಾರಿ ನೋಡಿದ್ರ ಗೊತ್ತಾಗ್ತದ. ಮನ್ಯಾಗ ಹೇಳಿಯಾಗೇದ, ಮೊದಲ ಸ್ಥಾನ ಅಂತ. ನನಗ ಏನೂ ತಿಳಿಸಬ್ಯಾಡ್ರಿ."

ಅಲ್ಲಿಗೆ ಆ ಮಾತು ಮುಗಿಯಿತು. ಗೊತ್ತಾಗದೆ ಮೋಸಹೋದವರು ಎಷ್ಟು ಮಂದಿ, ಗೊತ್ತಾಗಬಾರದೆಂದು ಮೋಸಹೋದವರು ಎಷ್ಟು ಮಂದಿ ಎಂದು ದಾನಮ್ಮ ಟ್ಯಾಕ್ಸಿಯಲ್ಲಿ ಮನೆಗೆ ಬರುವಾಗ ಯೋಚಿಸಿದರು. ಟ್ಯಾಕ್ಸಿಯ ಮುಂದಿನ ಸೀಟು ಖಾಲಿ ಇತ್ತು. ಅದು ಮಾತ್ರ ಯಾರನ್ನೂ ನಂಬಿಸಲು ಹೋಗಿರಲಿಲ್ಲ.

ಗುರುವಾರ ಚೆಂಗಪ್ಪನವರೇ ಫೋನ್ ಮಾಡಿದರು. ಗುಜರಿ ಶೆಡ್ಡಿನಿಂದ ಅದೇ ಅಳತೆಯ ರಾಡು ಹುಡುಕಿ ತಮ್ಮ ಕೈಯಾರೆ ಕೂರಿಸಿದ್ದಾಗಿಯೂ, ಹಳೆಯ ಚಕ್ರ ಹಾಕಿದ್ದಾಗಿಯೂ, ಈಗ ಎಡಕ್ಕೆ ತಿರುಗಿಸಿದರೆ ಕಟಕ್ ಎನ್ನುತ್ತದೆ ಎಂದೂ ಹೇಳಿದರು. ದನಿಯಲ್ಲಿ ಹುಡುಗನ ಸಂಭ್ರಮವಿತ್ತು. ಫೋನ್ ಇಟ್ಟ ಮೇಲೆ ದಾನಮ್ಮನವರ 'ಅಬ್ಬಾ' ಎಂಬ ಉಸಿರು ಅರ್ಧಕ್ಕೇ ನಿಂತಿತು. ಕಟಕ್ ಸದ್ದಿನ ವಿಷಯವನ್ನು ವೈಜಯಂತಿಗೆ ಹೇಳಿದವರು ತಾವೇ. ಆಕೆ ಬರೆದುಕೊಂಡಿದ್ದರು. ಹೆಬ್ಬೆರಳಿನಷ್ಟು ಸ್ಪೀಕರಿಗೆ ಕಟಕ್ ಎನ್ನುವುದು ಯಾವ ಮಹಾ ಕೆಲಸ? ಎಡ ಬಲದ ಸುಳ್ಳೂ ಅವರಿಗೆ ಈಗ ಗೊತ್ತು. ಕೈಯನ್ನು ಬಿಟ್ಟು ಚಕ್ರವನ್ನೇ ನಂಬು ಎಂದು ಯಂತ್ರಕ್ಕೆ ಹೇಳಿಕೊಟ್ಟರೆ ಆಯಿತು. ಚೆಂಗಪ್ಪ ಒಳ್ಳೆಯವರಂತೆ ಕಾಣುತ್ತಾರೆ. ಸಾವಿರ ಜನರಿಗೂ ಅವರು ಹಾಗೇ ಕಂಡಿದ್ದರು.

ಗಂಡನ ಮುಂದೆ ಇದನ್ನು ಹೇಳಿದಾಗ ಶಿವಪುತ್ರಪ್ಪ ನಗಲಿಲ್ಲ. ರೊಟ್ಟಿಯ ತುಂಡಿನಿಂದ ಪಲ್ಯ ಒತ್ತಿಕೊಳ್ಳುತ್ತ ಹೇಳಿದರು.

"ನೀ ಸರಿಯಾಗಿ ಹೊಡದ್ರ ಗೊತ್ತಾಗೂದಿಲ್ಲ. ಸರಿಯಾಗಿ ಹೊಡೀಲಿಕ್ಕೆ ಅದಕ್ಕೂ ಬರ್ತೈತಿ. ತಪ್ಪು ಹೊಡದ್ರ ಗೊತ್ತಾಗ್ತೈತಿ. ಅದಕ್ಕ ತಪ್ಪು ಮಾಡೂದು ಕಲಿಸಿಲ್ಲ."

ಹೀಗಾಗಿ ನಾಲ್ಕನೆಯ ರವಿವಾರ ದಾನಮ್ಮನವರು ಪರೀಕ್ಷೆಗೆ ಹೋದದ್ದು ಒಂದು ನಿಶ್ಚಿತವಾದ ತಪ್ಪನ್ನು ಯೋಜಿಸಿಕೊಂಡು. ನಾಲ್ಕನೆಯ ತಿರುವಿನ ಹೊರ ಅಂಚಿನಲ್ಲಿದ್ದ ಒಂದು ಕೋನಿಗೆ ಬಂಪರಿನ ಮೂಲೆಯನ್ನು ಮೆಲ್ಲನೆ ಸವರಿಕೊಂಡು ಹೋಗುವುದು. ಕೋನು ಬಿದ್ದರೆ ರಾಡು ಇದೆ. ಕಾರು ತಾನಾಗಿ ತಪ್ಪಿಸಿಕೊಂಡರೆ ಇಲ್ಲ. ಮೂರು ಸುತ್ತು ಮುಗಿಸಿದವರೆಲ್ಲ ಪಾಸು, ಸಮಯ ನೋಡುವುದು ಸ್ಥಾನಕ್ಕೆ ಮಾತ್ರ. ಕೋನು ಬೀಳಿಸಿದರೆ ಏನು ಮಾಡಬೇಕೆಂದು ನಿಯಮಗಳ ಪುಸ್ತಕದಲ್ಲಿ ಇರಲೇ ಇಲ್ಲ. ಅಂಥ ಸಂದರ್ಭ ಬಂದಿರಲಿಲ್ಲ.

ಹತ್ತು ಕಾರುಗಳು ಒಂದಾದ ಮೇಲೊಂದು ಹೋಗಿ ಬಂದವು. ಎಲ್ಲವೂ ಒಂದೇ ಅಚ್ಚಿನಲ್ಲಿ ತೆಗೆದ ಶಾವಿಗೆಯಂತೆ ನುಣುಪಾಗಿ ತಿರುವು ದಾಟಿದವು. ಕೊನೆಗೆ ಹಳದಿ ಕಾರು. ದಾನಮ್ಮ ಚಕ್ರವನ್ನು ಪೂರ್ತಿ ಎಡಕ್ಕೆ ತಿರುಗಿಸಿದರು. ಕಟಕ್. ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ಸ್ಪೀಕರು ಹುಡುಕಿದರು. ಸಿಗಲಿಲ್ಲ. ಸಿಗದಂತೆ ಇಟ್ಟಿರಬಹುದು. ಹೊರಟರು.

ಅವರು ಮರೆತಿದ್ದು ತಮ್ಮ ಬಲಗಾಲನ್ನು. ಮೂರು ವಾರ ತೆವಳುವ ಕಾರಿನಲ್ಲಿ ಆಕ್ಸಿಲರೇಟರನ್ನು ತಳದವರೆಗೆ ಒತ್ತಿ ಒತ್ತಿ ಕಾಲಿಗೆ ಅದೇ ರೂಢಿಯಾಗಿತ್ತು. ಇವತ್ತು ಕಾರು ಒತ್ತಿದಷ್ಟೂ ಹೋಯಿತು. ಮೊದಲ ತಿರುವು ಹೇಗೋ ಕಳೆಯಿತು. ಎರಡನೆಯ ತಿರುವು ಅವರು ನೆನೆದದ್ದಕ್ಕಿಂತ ಬಹಳ ಮೊದಲೇ ಬಂದುಬಿಟ್ಟಿತು. ತಿರುಗಿಸಿದರು. ಹಿಂದಿನ ಗಾಲಿಗಳು ಒಪ್ಪಲಿಲ್ಲ. ಗುಡ್ಡ, ಗಾಳಿಯಂತ್ರ, ಕಂಟ್ರೋಲ್ ರೂಮಿನ ಗಾಜು, ಮತ್ತೆ ಗುಡ್ಡ ಒಂದರ ಹಿಂದೊಂದು ಕಣ್ಣ ಮುಂದೆ ಹಾದುಹೋದವು. ಐದು ಕೋನುಗಳು ಗಾಳಿಗೆ ಹಾರಿದವು. ಕಾರು ಟೈರುಗಳ ಗೋಡೆಗೆ ಎಡಮೂತಿ ಗುದ್ದಿ ನಿಂತಿತು. ಗಾಜು ಉದುರಿದ ಸದ್ದು ಕೇಳಿಸಿತು.

ಎರಡು ವರ್ಷದಲ್ಲಿ ಆ ಟ್ರ್ಯಾಕಿನಲ್ಲಿ ಯಾರೂ ಕೇಳಿರದ ನಿಶ್ಶಬ್ದ. ದಾನಮ್ಮ ಉಸಿರು ಬಿಟ್ಟು ಕೈ ನೋಡಿಕೊಂಡರು. ಎಡಗೈಯ ಕಿರುಬೆರಳು ಗಡಗಡ ನಡುಗುತ್ತಿತ್ತು. ಐವತ್ತು ವರ್ಷದ ಮೇಲೆ ಅದು ಬಾಯಿಬಿಟ್ಟಿತ್ತು. ಕೇಳಿಸಿಕೊಳ್ಳಲು ಚಕ್ರದಲ್ಲಿ ಪೊರೆಯೇ ಇರಲಿಲ್ಲ. ಟ್ರ್ಯಾಕಿನ ಅಂಚಿನಲ್ಲಿ ಚೆಂಗಪ್ಪನವರು ಎರಡೂ ಕೈ ಸೊಂಟದ ಮೇಲಿಟ್ಟು ಹಲ್ಲು ಕಾಣುವಂತೆ ನಗುತ್ತ ನಿಂತಿದ್ದರು. ಕಂಟ್ರೋಲ್ ರೂಮಿನ ಗಾಜಿನ ಹಿಂದೆ ವೈಜಯಂತಿ ನಗುತ್ತಿರಲಿಲ್ಲ. ನಾಳೆ ಯಾರಿಗಾದರೂ ಏನಾದರೂ ಆದರೆ ಎಂದು ಅವರು ಕೇಳಿದ್ದ ಪ್ರಶ್ನೆ ದಾನಮ್ಮನವರಿಗೆ ಪೂರ್ತಿಯಾಗಿ ಕೇಳಿಸಿದ್ದು ಆಗಲೇ.

ಅವರು ಕಾರನ್ನು ಹಿಂದೆ ತೆಗೆದರು. ಕಟಕ್ ಎಂದಿತು. ಉಳಿದ ಸುತ್ತುಗಳನ್ನು, ಪ್ರತಿ ತಿರುವಿಗೂ ಬ್ರೇಕು ಒತ್ತುತ್ತ, ಮೂರು ವಾರ ಯಂತ್ರ ತಮ್ಮನ್ನು ಹೇಗೆ ಹೊತ್ತು ತಿರುಗಿತ್ತೋ ಅಷ್ಟೇ ನಿಧಾನವಾಗಿ, ತಾವೇ ಓಡಿಸಿ ಮುಗಿಸಿದರು.

ಸಂಜೆ ನಾಲ್ಕಕ್ಕೆ ಪ್ರಮಾಣಪತ್ರ ಕೊಟ್ಟರು. ಡಾಕ್ಟರ್ ಪ್ರಹ್ಲಾದ ಕಟ್ಟಿಯವರಿಗೆ ಮೊದಲನೆಯ ಸ್ಥಾನ, ಒಂದು ಶಾಲು. ಹನ್ನೊಂದು ಜನರಲ್ಲಿ ದಾನಮ್ಮನವರಿಗೆ ಹನ್ನೊಂದನೆಯ ಸ್ಥಾನ ಬಂತು.